ರಿಪೋರ್ಟ್ ಎಲ್ಲ ನಾರ್ಮಲ್, ಹೊಕ್ಕುಳಿನ ರಕ್ತ ಮಾತ್ರ ನಿಲ್ಲುತ್ತಿಲ್ಲ

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಮಗಳ ಬಾಣಂತನ ನಮ್ಮಲ್ಲೇ ನಡೆಯುತ್ತಿದೆ. ಹೆಣ್ಣು ಮಗು, ಇವತ್ತಿಗೆ 19 ದಿನ. ಏಳನೇ ದಿನ ಹೊಕ್ಕುಳಬಳ್ಳಿ ಬಿದ್ದಿತು. ಮರುದಿನದಿಂದ ರಕ್ತ ಒಸರಲು ಶುರು. ಹತ್ತಿ ಇಟ್ಟು ಒತ್ತಿದರೆ ನಿಲ್ಲುತ್ತದೆ, ಬೆಳಿಗ್ಗೆ ನೋಡಿದರೆ ಬಟ್ಟೆ ಪುನಃ ಒದ್ದೆ. ಹುಟ್ಟಿದಾಗಲೇ ವಿಟಮಿನ್ ಕೆ ಇಂಜೆಕ್ಷನ್ ಆಗಿದೆ, ಕಳೆದ ವಾರ ಇನ್ನೊಮ್ಮೆ ಕೊಟ್ಟರು. ಪ್ಲೇಟ್‌ಲೆಟ್, ಪಿಟಿ, ಎಪಿಟಿಟಿ ಎಲ್ಲ ನಾರ್ಮಲ್ ಎಂದರು. ಇನ್ನೂ ಒಸರಿದರೆ ಪ್ಲಾಸ್ಮಾ ಕೊಟ್ಟು ನೋಡುವ ಎಂದಿದ್ದಾರೆ. ಮಗಳ ಮೊದಲನೇ ಮಗು ಗಂಡು, ಎರಡು ತಿಂಗಳು ತುಂಬುವ ಮೊದಲೇ ತಲೆಯೊಳಗೆ ರಕ್ತಸ್ರಾವವಾಗಿ ಹೋಯಿತು. ಎಲ್ಲೋ ಬಿದ್ದಿರಬೇಕು ಎಂದರು, ಬಿದ್ದದ್ದನ್ನು ಕಂಡವರು ಯಾರೂ ಇಲ್ಲ. ಮಗಳನ್ನು ಕೊಟ್ಟದ್ದು ನನ್ನ ಸ್ವಂತ ತಮ್ಮನ ಮಗನಿಗೆ. ಅದರಿಂದಲೇ ಹೀಗೆ ಎಂದು ಕೆಲವರು, ಎಂಡೋಸಲ್ಫಾನ್ ಎಂದು ಕೆಲವರು, ನಾಗನಿಗೆ ಹೇಳಿಕೊಳ್ಳಿ ಎಂದು ಇನ್ನು ಕೆಲವರು. ಒಂದೂವರೆ ತಿಂಗಳಿನ ಚುಚ್ಚುಮದ್ದು ಕೊಡಿಸಬಹುದೇ? ಮಗುವನ್ನು ಮೀಯಿಸಬಹುದೇ? ಮುಂದೆ ಇನ್ನೊಂದು ಮಗು ಆದರೆ ಏನು ಗತಿ?

ಉತ್ತರ: ಅಮ್ಮಾ, ನಿಮ್ಮ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಅವಸರದ್ದು ನೀವು ಕೇಳದೇ ಬಿಟ್ಟ ಪ್ಲಾಸ್ಮಾದ ವಿಷಯ. ಪ್ಲಾಸ್ಮಾ, ಅಂದರೆ ರಕ್ತದಿಂದ ಕಣಗಳನ್ನು ತೆಗೆದು ಉಳಿದ ನೀರಿನಂಥ ಭಾಗ, ಕೊಡುವುದು ತಪ್ಪಲ್ಲ. ಆದರೆ ಕೊಡುವ ಮೊದಲು ಮಗುವಿನ ರಕ್ತದ ಸ್ಯಾಂಪಲ್ ತೆಗೆದಿಡಬೇಕು, ಅದರಲ್ಲಿ ರಕ್ತದ ಹೆಪ್ಪನ್ನು ಗಟ್ಟಿಮಾಡುವ ಫ್ಯಾಕ್ಟರ್ 13 ಎಂಬ ಅಂಶವನ್ನು ನೋಡಬೇಕು. ಇನ್ನೊಬ್ಬರ ಪ್ಲಾಸ್ಮಾ ಒಳಗೆ ಹೋದರೆ ಅವರ ಫ್ಯಾಕ್ಟರ್ 13 ಮಗುವಿನ ಮೈಯಲ್ಲಿ ವಾರಗಟ್ಟಲೆ ಉಳಿಯುತ್ತದೆ. ಆಮೇಲೆ ಪರೀಕ್ಷೆ ಮಾಡಿಸಿದರೆ ನಿಮ್ಮ ಕೈಗೆ ಇನ್ನೊಂದು ‘ನಾರ್ಮಲ್’ ಬರುತ್ತದೆ. ನಾಳೆ ಬೆಳಿಗ್ಗೆಯೇ ಮಗುವನ್ನು ಕರೆದುಕೊಂಡು ಹೋಗಿ. ಮಗುವಿನ ಡಾಕ್ಟರರ ಹತ್ತಿರ ಎರಡೇ ಮಾತು ಹೇಳಿ: ಮೊದಲ ಮಗು ತಲೆಯೊಳಗೆ ರಕ್ತಸ್ರಾವವಾಗಿ ತೀರಿಕೊಂಡಿತು, ಅಪ್ಪ ಅಮ್ಮ ಸೋದರ ಸಂಬಂಧಿಗಳು. ಹೆರಿಗೆಯ ಗಡಿಬಿಡಿಯಲ್ಲಿ ಈ ಎರಡು ಸಂಗತಿ ಫೈಲಿಗೆ ಏರದೇ ಹೋಗುವುದು ಬಹಳ.

ಒಂದು ವೇಳೆ ಇದನ್ನು ಓದುವ ಹೊತ್ತಿಗೆ ಮಗು ಹಾಲು ಕುಡಿಯುವುದನ್ನು ಬಿಟ್ಟಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಎಂದಿನಂತಲ್ಲದ ಕೀರಲು ಅಳು ಅಳುತ್ತಿದ್ದರೆ, ನೆತ್ತಿ ಉಬ್ಬಿದ್ದರೆ, ಪದೇ ಪದೇ ವಾಂತಿ ಮಾಡುತ್ತಿದ್ದರೆ, ಮೈ ಬಿಳಿಚಿಕೊಂಡಿದ್ದರೆ, ಕೈಕಾಲು ಸೆಟೆದು ನಡುಗಿದರೆ ಬೆಳಿಗ್ಗೆಯವರೆಗೆ ಕಾಯಬೇಡಿ. ಅಂಥ ಮಗುವಿಗೆ ಸ್ಯಾಂಪಲ್ ತೆಗೆಯಲು ಹಿಡಿಯುವ ಎರಡು ನಿಮಿಷ ಬಿಟ್ಟರೆ ಬೇರೆ ಯಾವುದಕ್ಕೂ ಕಾಯಬಾರದು. ಪರೀಕ್ಷೆಯ ಉತ್ತರಕ್ಕೂ ಕಾಯಬಾರದು, ಸ್ಕ್ಯಾನಿಗೂ ಕಾಯಬಾರದು. ಮೊದಲು ರಕ್ತ ನಿಲ್ಲುವ ಔಷಧ, ಆಮೇಲೆ ಸಿಟಿ ಸ್ಕ್ಯಾನ್.

ನಾನು ಮಗುವನ್ನು ನೋಡದೆ ಫ್ಯಾಕ್ಟರ್ 13ರ ಹೆಸರು ಎತ್ತಿದ್ದು ಏಕೆ ಎಂದರೆ, ನೀವು ಬರೆದ ನಾಲ್ಕು ಸಂಗತಿ ಒಟ್ಟಿಗೆ ಸಿಗುವುದು ಅಪರೂಪ. ಬಳ್ಳಿ ಬಿದ್ದ ಮೇಲೆ ಹೊಕ್ಕುಳಿನಿಂದ ಬಿಟ್ಟು ಬಿಟ್ಟು ರಕ್ತ, ಮಾಮೂಲಿ ಪರೀಕ್ಷೆಗಳೆಲ್ಲ ಸರಿ, ಹಿಂದಿನ ಮಗುವಿಗೆ ಕಾರಣ ತಿಳಿಯದ ಮಿದುಳಿನ ರಕ್ತಸ್ರಾವ, ತಂದೆತಾಯಿ ರಕ್ತಸಂಬಂಧಿಗಳು. ಫ್ಯಾಕ್ಟರ್ 13 ಹುಟ್ಟಿನಿಂದಲೇ ತೀರಾ ಕಡಿಮೆ ಇರುವವರು ಸುಮಾರು 20 ಲಕ್ಷಕ್ಕೆ ಒಬ್ಬರು ಎಂದು ಲೆಕ್ಕ. ಸಂಬಂಧದಲ್ಲೇ ಮದುವೆಯಾಗುವ ಕಡೆ ಅದಕ್ಕಿಂತ ಹೆಚ್ಚು. ಇಂಥ ಮಕ್ಕಳಲ್ಲಿ ನೂರಕ್ಕೆ 80 ಮಂದಿಗೆ ಹೊಕ್ಕುಳಿನಿಂದ ರಕ್ತಸ್ರಾವವಾಗುತ್ತದೆ. ಔಷಧವಿಲ್ಲದೆ ಬಿಟ್ಟರೆ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗೆ ಒಂದಲ್ಲ ಒಂದು ದಿನ ಮಿದುಳಿನೊಳಗೆ. ಹೊಕ್ಕುಳಿನ ರಕ್ತ ತಾನಾಗಿ ನಿಂತುಹೋದರೂ ಪರೀಕ್ಷೆ ಬಿಡಬೇಡಿ ಎಂದು ಹೇಳುವುದು ಈ ಎರಡನೇ ಲೆಕ್ಕಕ್ಕಾಗಿ.

ಎಲ್ಲ ನಾರ್ಮಲ್ ಇದ್ದರೆ ರಕ್ತ ಏಕೆ ಬರುತ್ತದೆ ಎಂಬುದು ನಿಮ್ಮ ಮನೆಯಲ್ಲಿ ಎಲ್ಲರ ಪ್ರಶ್ನೆಯೂ ಆಗಿರಬೇಕು. ಪಿಟಿ, ಎಪಿಟಿಟಿ ಎಂಬ ಪರೀಕ್ಷೆಗಳಲ್ಲಿ ಮಾಡುವುದು ಇಷ್ಟೆ: ಪ್ಲಾಸ್ಮಾಕ್ಕೆ ಒಂದು ರಾಸಾಯನಿಕ ಸೇರಿಸಿ, ಸಮಯ ಎಣಿಸಲು ಶುರುಮಾಡಿ, ಹೆಪ್ಪಿನ ಮೊದಲ ಎಳೆ ಹುಟ್ಟಿದ ಕೂಡಲೇ ಎಣಿಕೆ ನಿಲ್ಲಿಸುವುದು. ರಿಪೋರ್ಟಿನಲ್ಲಿ ಬರುವ ಸೆಕೆಂಡುಗಳು ಅವೇ. ಆ ಹೆಪ್ಪು ಆಮೇಲೆ ಗಟ್ಟಿಯಾಗಿ ನಿಂತಿತೋ, ಕರಗಿತೋ ಎಂದು ಅವು ಕೇಳುವುದೇ ಇಲ್ಲ. ಫ್ಯಾಕ್ಟರ್ 13ರ ಕೆಲಸ ಇರುವುದು ಆ ‘ಆಮೇಲೆ’ಯಲ್ಲಿ. ಫೈಬ್ರಿನ್ ಎಂಬ ಎಳೆಗಳು ಅಡ್ಡಡ್ಡ ಬಿದ್ದು ಹೆಪ್ಪಾಗುತ್ತವೆ. ಮೀನಿನ ಬಲೆಯಲ್ಲಿ ದಾರ ದಾರ ಸೇರುವ ಕಡೆ ಗಂಟು ಬೀಳುವಂತೆ, ಆ ಎಳೆಗಳನ್ನು ಒಂದಕ್ಕೊಂದು ಕಟ್ಟುವುದು ಫ್ಯಾಕ್ಟರ್ 13. ಗಂಟಿಲ್ಲದ ಬಲೆ ನೋಡಲು ಬಲೆಯೇ. ಎಳೆದಾಗ ಬಿಚ್ಚಿಹೋಗುತ್ತದೆ. ಈ ರೋಗದಲ್ಲಿ ರಕ್ತ ಒಮ್ಮೆ ಸರಿಯಾಗಿಯೇ ನಿಲ್ಲುತ್ತದೆ, ಹಲವು ಗಂಟೆ ಕಳೆದು, ಕೆಲವೊಮ್ಮೆ ಒಂದು ದಿನ ಕಳೆದು ಮತ್ತೆ ಶುರುವಾಗುತ್ತದೆ. ರಾತ್ರಿ ನಿಂತದ್ದು ಬೆಳಿಗ್ಗೆ ಬಟ್ಟೆ ಒದ್ದೆ ಎಂದು ನೀವು ಬರೆದದ್ದನ್ನು ಡಾಕ್ಟರರಿಗೂ ಅದೇ ಮಾತುಗಳಲ್ಲಿ ಹೇಳಿ.

ಇದನ್ನು ಕಂಡುಹಿಡಿಯುವ ಹಳೆಯ ಪರೀಕ್ಷೆ ನೋಡಲು ಬಲು ಸರಳ. ಮಗುವಿನ ಪ್ಲಾಸ್ಮಾಕ್ಕೆ ಕ್ಯಾಲ್ಸಿಯಂ ಸೇರಿಸಿ ಗಾಜಿನ ಕೊಳವೆಯಲ್ಲಿ ಒಂದು ಹೆಪ್ಪು ಮಾಡುತ್ತಾರೆ. ಅದನ್ನು ಗಾಢ ಯೂರಿಯಾ ದ್ರಾವಣದಲ್ಲೋ, ನೂರಕ್ಕೆ ಒಂದರಷ್ಟು ಮೊನೊಕ್ಲೋರೊಅಸಿಟಿಕ್ ಆಮ್ಲದಲ್ಲೋ ಮುಳುಗಿಸಿಡುತ್ತಾರೆ. ಪಕ್ಕದಲ್ಲಿ ಆರೋಗ್ಯವಂತರೊಬ್ಬರ ಹೆಪ್ಪು ಇನ್ನೊಂದು ಕೊಳವೆಯಲ್ಲಿ. ಮರುದಿನ ನೋಡಿದರೆ ಆರೋಗ್ಯವಂತರದ್ದು ಹಾಗೆಯೇ ತೇಲುತ್ತಿರುತ್ತದೆ. ಫ್ಯಾಕ್ಟರ್ 13 ಇಲ್ಲದವರ ಕೊಳವೆಯಲ್ಲಿ ಹೆಪ್ಪಿನ ಸುಳಿವೇ ಇಲ್ಲ, ತಿಳಿ ನೀರು. ಇದಕ್ಕೆ ದೊಡ್ಡ ಯಂತ್ರ ಬೇಡ, ಆದರೆ ಕೇಳುವವರಿಲ್ಲದೆ ಎಷ್ಟೋ ಲ್ಯಾಬುಗಳಲ್ಲಿ ಮಾಡುವುದನ್ನೇ ಬಿಟ್ಟಿದ್ದಾರೆ. ಇದರ ಒಂದು ಕುಂದು ತಿಳಿದಿರಲಿ: ಫ್ಯಾಕ್ಟರ್ 13 ಶೇಕಡಾ ಒಂದೆರಡಕ್ಕಿಂತ ಸ್ವಲ್ಪ ಮೇಲಿದ್ದರೂ ಹೆಪ್ಪು ಕರಗದೆ ಉಳಿಯಬಹುದು. ಹಾಗಾಗಿ ಈ ಪರೀಕ್ಷೆ ಸರಿ ಬಂದರೂ ಸಂಶಯ ಬಲವಾಗಿದ್ದರೆ ಫ್ಯಾಕ್ಟರ್ 13ರ ಪ್ರಮಾಣವನ್ನೇ ಅಳೆಯುವ ಪರೀಕ್ಷೆ ಬೇಕು. ಅದನ್ನು ಮಂಗಳೂರಿನ ದೊಡ್ಡ ಆಸ್ಪತ್ರೆಗಳ ಮೂಲಕ ಹೊರಗೆ ಕಳಿಸಿ ಮಾಡಿಸಬಹುದು. ವೆಲ್ಲೂರಿನ ಸಿಎಂಸಿ ಆಸ್ಪತ್ರೆ, ಮುಂಬಯಿಯ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ ಇಂಥ ಅಪರೂಪದ ರಕ್ತಸ್ರಾವ ರೋಗಗಳ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿವೆ.

ಪ್ಲಾಸ್ಮಾ ಆಗಲೇ ಕೊಟ್ಟಾಗಿದ್ದರೂ ದಾರಿ ಮುಚ್ಚಿಲ್ಲ. ಅಪ್ಪ ಅಮ್ಮ ಇಬ್ಬರ ಫ್ಯಾಕ್ಟರ್ 13 ನೋಡಬಹುದು. ಅವರು ಈ ದೋಷವನ್ನು ಹೊತ್ತವರಾದರೆ ಇಬ್ಬರಲ್ಲೂ ಸಾಮಾನ್ಯವಾಗಿ ಅರ್ಧದ ಆಸುಪಾಸು ಇರುತ್ತದೆ, ಅವರಿಗೆ ತೊಂದರೆ ಏನೂ ಇರುವುದಿಲ್ಲ. ಮಗುವಿನ ಜೀನ್ ಪರೀಕ್ಷೆಯನ್ನೂ ಮಾಡಬಹುದು, ಪ್ಲಾಸ್ಮಾ ಕೊಟ್ಟ ಮಾತ್ರಕ್ಕೆ ಅದು ಬದಲಾಗುವುದಿಲ್ಲ.

ಸ್ಯಾಂಪಲ್ ತೆಗೆಯುವ ಬಗ್ಗೆ ಒಂದು ಮಾತು, ಇದನ್ನು ಓದುವ ನರ್ಸ್‌ಗಳಿಗೂ ಸೇರಿಸಿ. ನೀಲಿ ಮುಚ್ಚಳದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಒಂದು ಪಾಲು ಇರುತ್ತದೆ, ಅದಕ್ಕೆ ಸರಿಯಾಗಿ ಒಂಬತ್ತು ಪಾಲು ರಕ್ತ ಬೀಳಬೇಕು. ಎಳೆಮಗುವಿನ ಕೈಯಿಂದ ರಕ್ತ ಬರುವುದೇ ಕಷ್ಟ, ಬಂದಷ್ಟು ಸಾಕು ಎಂದು ಗೆರೆಗಿಂತ ಕೆಳಗೆ ನಿಲ್ಲಿಸಿದರೆ ರಿಪೋರ್ಟಿನ ಅಂಕಿಗಳು ಸುಮ್ಮನೆ ಏರಿ ಕೂರುತ್ತವೆ. ಮಕ್ಕಳಿಗೆಂದೇ ಚಿಕ್ಕ ಕೊಳವೆ ಇದೆ, ಅದನ್ನು ಬಳಸಿ. ಹುಟ್ಟಿದ ಹೊಸದರಲ್ಲಿ ಮಕ್ಕಳ ರಕ್ತ ದಪ್ಪ. ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ಶೇಕಡಾ 55 ದಾಟಿದ್ದರೆ ಸಿಟ್ರೇಟನ್ನೂ ಕಡಿಮೆ ಮಾಡಬೇಕು. ಹೆಪ್ಪುಗಟ್ಟದಂತೆ ಮಾಡುವ ಹೆಪಾರಿನ್ ಔಷಧ ಹೋದ ಲೈನಿನಿಂದ ತೆಗೆದ ರಕ್ತ ಈ ಪರೀಕ್ಷೆಗೆ ಬೇಡವೇ ಬೇಡ. ಕುತ್ತಿಗೆಯ, ತೊಡೆಸಂದಿನ ದೊಡ್ಡ ರಕ್ತನಾಳಕ್ಕೂ ಚುಚ್ಚಬೇಡಿ. ಚುಚ್ಚಿದ ಜಾಗವನ್ನು ಹತ್ತು ನಿಮಿಷ ಒತ್ತಿ ಹಿಡಿಯಿರಿ, ಉಜ್ಜಬೇಡಿ.

ಇನ್ನು, ಫ್ಯಾಕ್ಟರ್ 13 ಅಲ್ಲದಿದ್ದರೆ? ಹೊಕ್ಕುಳಿನಿಂದ ಒಂದೆರಡು ಹನಿ ರಕ್ತ ಬರುವ ಮಕ್ಕಳಲ್ಲಿ ಬಹುಪಾಲಿಗೆ ಯಾವ ರೋಗವೂ ಇರುವುದಿಲ್ಲ ಎಂಬುದನ್ನು ಮೊದಲು ಹೇಳಬೇಕು. ಬಳ್ಳಿ ಬಿದ್ದ ಜಾಗದಲ್ಲಿ ಒದ್ದೆ ಮಾಂಸದ ಸಣ್ಣ ಗುಳ್ಳೆ ಉಳಿದರೆ, ಸೋಂಕು ತಗಲಿದರೆ, ಚಡ್ಡಿ ಉಜ್ಜಿದರೆ ಒಸರುವುದುಂಟು. ಕೀವು, ವಾಸನೆ, ಸುತ್ತ ಕೆಂಪು ಇದ್ದರೆ ಅದು ಬೇರೆ ಕಥೆ, ಅದಕ್ಕೂ ಆಸ್ಪತ್ರೆಯೇ. ಆದರೆ ಹನ್ನೊಂದು ದಿನ ಬಿಟ್ಟು ಬಿಟ್ಟು ಬಂದರೆ, ಬಟ್ಟೆ ಒದ್ದೆಯಾದರೆ ಅದು ಸಣ್ಣದಲ್ಲ. ಮೂರು ಕಿಲೋ ಮಗುವಿನ ಮೈಯಲ್ಲಿ ಇರುವ ರಕ್ತವೇ ಕಾಲು ಲೀಟರಿನಷ್ಟು. ಹತ್ತಿ, ಬಟ್ಟೆ ಹೀರಿದ್ದು ಲೆಕ್ಕಕ್ಕೆ ಸಿಗುವುದಿಲ್ಲ, ಹಿಮೋಗ್ಲೋಬಿನ್ ನೋಡಿಸಿ.

ಹಿಮೋಫಿಲಿಯ ಎಂದು ಯಾರಾದರೂ ಹೇಳಿರಬಹುದು. ಅದು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುವ ರೋಗ, ತಾಯಿಯ ಕಡೆಯಿಂದ ಇಳಿಯುತ್ತದೆ, ಮೂರರಲ್ಲಿ ಒಂದು ಮನೆಯಲ್ಲಿ ಹಿಂದೆ ಯಾರಿಗೂ ಇದ್ದಿರುವುದಿಲ್ಲ. ಹೆಣ್ಣುಮಗುವಿಗೆ ಅದು ಬರುವುದು ತೀರಾ ವಿರಳ, ಬಂದರೂ ಎಪಿಟಿಟಿ ಉದ್ದವಾಗಬೇಕಿತ್ತು. ಹೆಪ್ಪುಗಟ್ಟಿಸುವ ಬೇರೆ ಅಂಶಗಳಲ್ಲಿ ಫ್ಯಾಕ್ಟರ್ 7 ಕಡಿಮೆಯಾದರೆ ಪಿಟಿ ಮಾತ್ರ ಉದ್ದ. ಫ್ಯಾಕ್ಟರ್ 10, 5, 2 ಕಡಿಮೆಯಾದರೆ ಎರಡೂ ಉದ್ದ. ಫೈಬ್ರಿನ್ ಎಳೆಗಳಿಗೆ ಮೂಲವಾದ ಫೈಬ್ರಿನೋಜನ್ ಇಲ್ಲದೇ ಹೋದರೂ ಹೊಕ್ಕುಳಿನಿಂದ ರಕ್ತ ಬರುತ್ತದೆ, ಆದರೆ ಆಗ ಎರಡು ಪರೀಕ್ಷೆಯಲ್ಲೂ ಹೆಪ್ಪೇ ಆಗುವುದಿಲ್ಲ. ಎಲ್ಲ ನಾರ್ಮಲ್ ಇದ್ದೂ ರಕ್ತ ಬರುವ ಪಟ್ಟಿಯಲ್ಲಿ ಫ್ಯಾಕ್ಟರ್ 13ರ ಜೊತೆ ಇನ್ನೊಂದು ಮುಖ್ಯ ಹೆಸರು ಗ್ಲಾನ್ಸ್‌ಮನ್ ರೋಗ. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾನ್ಸ್‌ಮನ್ 1918ರಲ್ಲಿ ಗುರುತಿಸಿದ್ದು. ಅದರಲ್ಲಿ ಪ್ಲೇಟ್‌ಲೆಟ್ ಎಣಿಕೆ ಸರಿಯಾಗಿಯೇ ಇರುತ್ತದೆ, ಅವು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಹೊಕ್ಕುಳಿಗಿಂತ ಹೆಚ್ಚಾಗಿ ಮೈಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆ, ಮೂಗು ಬಾಯಿಯಿಂದ ರಕ್ತ ಕಾಣುತ್ತದೆ. ಅದೂ ಸೋದರ ಸಂಬಂಧದ ಮದುವೆಗಳಲ್ಲೇ ಹೆಚ್ಚು. ಮಗುವಿನ ಮೈಮೇಲೆ ಅಂಥ ಚುಕ್ಕೆ ಇದ್ದರೆ ಅದನ್ನೂ ಹೇಳಿ.

ಮೊದಲ ಮಗುವಿನ ಫೈಲ್ ಮನೆಯಲ್ಲಿದ್ದರೆ ಹುಡುಕಿ ತೆಗೆಯಿರಿ, ನೋವಾದರೂ. ಎರಡು ವಿಷಯ ನೋಡಬೇಕು. ಹುಟ್ಟಿದಾಗ ವಿಟಮಿನ್ ಕೆ ಕೊಟ್ಟಿದ್ದರೇ? ರಕ್ತಸ್ರಾವದ ದಿನ ತೆಗೆದ ಪಿಟಿ ಎಷ್ಟಿತ್ತು? ವಿಟಮಿನ್ ಕೆ ಕೊರತೆಯಿಂದಲೂ ಎರಡು ವಾರದಿಂದ ಆರು ತಿಂಗಳ ಒಳಗೆ ತಲೆಯಲ್ಲಿ ರಕ್ತಸ್ರಾವ ಆಗುತ್ತದೆ, ಎದೆಹಾಲು ಮಾತ್ರ ಕುಡಿಯುವ ಮಕ್ಕಳಲ್ಲೇ ಹೆಚ್ಚು, ಏಕೆಂದರೆ ತಾಯಿಹಾಲಿನಲ್ಲಿ ಆ ಒಂದು ವಿಟಮಿನ್ ಬಹಳ ಕಡಿಮೆ. ಆಗ ಪಿಟಿ ವಿಪರೀತ ಉದ್ದವಾಗಿರುತ್ತದೆ. ಆ ಮಗುವಿಗೂ ಪಿಟಿ ಸರಿಯಿತ್ತು ಎಂದಾದರೆ ನನ್ನ ಸಂಶಯ ಇನ್ನಷ್ಟು ಗಟ್ಟಿಯಾಗುತ್ತದೆ. ಈ ಪತ್ರ ಓದಿ ‘ನೋಡಿ, ವಿಟಮಿನ್ ಕೆ ಕೊಟ್ಟೂ ಪ್ರಯೋಜನವಾಗಲಿಲ್ಲ’ ಎಂದು ಯಾರೂ ತೀರ್ಮಾನಿಸಬೇಡಿ. ವಿಟಮಿನ್ ಕೆ ಕೊಡದ ಎಳೆಮಕ್ಕಳಲ್ಲಿ, ನಾನು ಇಲ್ಲಿ ಹೆಸರಿಸಿದ ಅಪರೂಪದ ರೋಗಗಳಿಗಿಂತ ವಿಟಮಿನ್ ಕೆ ಕೊರತೆಯ ರಕ್ತಸ್ರಾವವೇ ಹೆಚ್ಚು. ಹುಟ್ಟಿದ ದಿನ ತೊಡೆಗೆ ಒಂದು ಮಿಲಿಗ್ರಾಂ, ಅಷ್ಟರಲ್ಲಿ ಅದು ತಪ್ಪುತ್ತದೆ. ಸಹಜ ಹೆರಿಗೆಯ ಉತ್ಸಾಹದಲ್ಲಿ ಇದನ್ನು ಬೇಡ ಎನ್ನುವವರು ಈಚೆಗೆ ನಮ್ಮ ಕಡೆಯೂ ಕಾಣಸಿಗುತ್ತಾರೆ. ಅವರ ಜೊತೆ ನಾನು ವಾದಕ್ಕೆ ಕೂರುವವನೇ.

ಫ್ಯಾಕ್ಟರ್ 13 ಕೊರತೆ ಎಂದೇ ಖಾತ್ರಿಯಾಯಿತು ಎಂದಿಟ್ಟುಕೊಳ್ಳಿ. ಕೇಳಲು ವಿಚಿತ್ರ ಅನಿಸಬಹುದು, ಆದರೆ ಅಪರೂಪದ ರಕ್ತಸ್ರಾವ ರೋಗಗಳಲ್ಲಿ ನಿಭಾಯಿಸಲು ಸುಲಭವಾದದ್ದು ಇದೇ. ಫ್ಯಾಕ್ಟರ್ 7 ಕೊಟ್ಟರೆ ಅರ್ಧ ದಿನದಲ್ಲಿ ಖಾಲಿ. ಹಿಮೋಫಿಲಿಯದ ಫ್ಯಾಕ್ಟರ್ 8 ಎಂಟರಿಂದ ಹನ್ನೆರಡು ಗಂಟೆಗೆ ಅರ್ಧ ಇಳಿಯುತ್ತದೆ. ಫ್ಯಾಕ್ಟರ್ 13 ಅರ್ಧಕ್ಕೆ ಇಳಿಯಲು ಒಂಬತ್ತರಿಂದ ಹದಿನಾಲ್ಕು ದಿನ ಬೇಕು. ಸಾಲದ್ದಕ್ಕೆ, ಅದು ರಕ್ತದಲ್ಲಿ ಪೂರ್ತಿ ನೂರು ಇರಬೇಕೆಂದೂ ಇಲ್ಲ. ಶೇಕಡಾ 5ರಿಂದ 20ರ ನಡುವೆ ಉಳಿದರೂ ತಾನಾಗಿ ಆಗುವ ದೊಡ್ಡ ರಕ್ತಸ್ರಾವಗಳು ಬಹುಮಟ್ಟಿಗೆ ತಪ್ಪುತ್ತವೆ. ಹಾಗಾಗಿ ನಾಲ್ಕು ವಾರಕ್ಕೊಮ್ಮೆ ಒಂದು ಸಲ ಏರಿಸಿದರೆ ಆಯಿತು. ಬದುಕಿಡೀ ಬೇಕು, ಆದರೆ ತಿಂಗಳಿಗೊಂದು ಬೆಳಿಗ್ಗೆ ಮಾತ್ರ. ಹೀಗೆ ತಪ್ಪದೆ ತೆಗೆದುಕೊಂಡವರು ಶಾಲೆ, ಆಟ, ಕೆಲಸ ಎಲ್ಲ ಮಾಡುತ್ತಾರೆ. ಹೆಣ್ಣುಮಕ್ಕಳು ಹೆರಿಗೆಯನ್ನೂ ಸುಸೂತ್ರವಾಗಿ ಮುಗಿಸುತ್ತಾರೆ. ಔಷಧವಿಲ್ಲದಿದ್ದರೆ ಗರ್ಭ ನಿಲ್ಲುವುದೇ ಕಷ್ಟವಾಗುವ ರೋಗವಿದು.

ಏರಿಸುವುದು ಏನನ್ನು? ಎಲ್ಲಕ್ಕಿಂತ ಒಳ್ಳೆಯದು ಫ್ಯಾಕ್ಟರ್ 13ರದೇ ಪುಡಿ, ವೈರಸ್ ಕೊಂದು ಶುದ್ಧ ಮಾಡಿದ್ದು, ನೀರಿನಲ್ಲಿ ಕದಡಿ ನಿಧಾನ ಕೊಡುವಂಥದ್ದು. ಕಿಲೋ ತೂಕಕ್ಕೆ 20ರಿಂದ 40 ಯೂನಿಟ್ ಲೆಕ್ಕ. ನಮ್ಮಲ್ಲಿ ಅದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಬೆಲೆಯೂ ಜಾಸ್ತಿ, ಆಸ್ಪತ್ರೆಯವರು ಮೊದಲೇ ತರಿಸಿಡಬೇಕು. ಅದು ಸಿಗುವವರೆಗೆ ಕ್ರಯೋಪ್ರೆಸಿಪಿಟೇಟ್. ಪ್ಲಾಸ್ಮಾವನ್ನು ಮಂಜುಗಡ್ಡೆಯಂತೆ ಗಟ್ಟಿಯಾಗಿಸಿ ನಿಧಾನ ಕರಗಿಸಿದಾಗ ಅಡಿಯಲ್ಲಿ ಉಳಿಯುವ ಗಟ್ಟಿ ಭಾಗ ಇದು. ಒಂದು ಚೀಲದಲ್ಲಿ 15-20 ಮಿಲಿಲೀಟರ್, ಅದರಲ್ಲಿ ಫೈಬ್ರಿನೋಜನ್, ಫ್ಯಾಕ್ಟರ್ 8ರ ಜೊತೆ ಫ್ಯಾಕ್ಟರ್ 13 ಕೂಡ. ಹತ್ತು ಕಿಲೋ ತೂಕಕ್ಕೆ ಒಂದು ಚೀಲ, ಮೂರ್ನಾಲ್ಕು ವಾರಕ್ಕೊಮ್ಮೆ. ನಿಮ್ಮ ಮಗುವಿಗೆ ಅದರಲ್ಲೂ ಒಂದು ಭಾಗ ಸಾಕಾಗಬಹುದು. ಕ್ರಯೋ ಕೂಡ ಇಲ್ಲದ ಕಡೆ ಪ್ಲಾಸ್ಮಾ, ಕಿಲೋಗೆ 10 ಮಿಲಿಲೀಟರ್. ರಕ್ತದ ಪ್ರತಿ ಚೀಲವನ್ನೂ ಎಚ್ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾಕ್ಕೆ ಪರೀಕ್ಷಿಸಿಯೇ ಕೊಡಬೇಕೆಂದು ನಿಯಮವಿದೆ. ಆದರೂ ಚೀಲದಲ್ಲಿ ಬರುವುದು ಪುಡಿಯಷ್ಟು ಶುದ್ಧವಲ್ಲ. ವರ್ಷಗಟ್ಟಲೆ ತೆಗೆದುಕೊಳ್ಳಬೇಕಾದ ಮಗುವಿಗೆ ಪುಡಿಯೇ ಸಿಗುವಂತೆ ಪಟ್ಟು ಹಿಡಿಯಿರಿ.

ಪಟ್ಟು ಹಿಡಿಯುವುದು ಎಲ್ಲಿ ಎಂಬುದು ಗಡಿಯವರ ಕಷ್ಟ. ಪೆರ್ಲದವರಿಗೆ ರೇಷನ್ ಕಾರ್ಡ್ ಕೇರಳದ್ದು, ದೊಡ್ಡ ಆಸ್ಪತ್ರೆ ಎಂದರೆ ವಿಟ್ಲ, ಕಲ್ಲಡ್ಕ ದಾಟಿ ಮಂಗಳೂರು. ಕೇರಳ ಸರ್ಕಾರದ ಆಶಾಧಾರ ಯೋಜನೆ ಹಿಮೋಫಿಲಿಯ, ತಲಸ್ಸೇಮಿಯದಂಥ ರಕ್ತರೋಗಗಳಿಗೆಂದೇ ಇರುವುದು; ಹಿಮೋಫಿಲಿಯ ಇರುವ 18ರೊಳಗಿನ ಮಕ್ಕಳಿಗೆ ಎಮಿಸಿಜುಮಾಬ್ ಎಂಬ ಹೊಸ ಇಂಜೆಕ್ಷನ್ ಕೊಡುವ ನಿರ್ಧಾರವನ್ನೂ ಅದು 2024ರಲ್ಲಿ ಮಾಡಿತು. ಆ ಇಂಜೆಕ್ಷನ್ ನಿಮ್ಮ ಮಗುವಿಗೆ ಸಂಬಂಧಿಸಿದ್ದಲ್ಲ, ಆದರೆ ರೋಗ ಖಾತ್ರಿಯಾದ ಕೂಡಲೇ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಆಶಾಧಾರದ ಬಗ್ಗೆ ವಿಚಾರಿಸಿ, ಮಗುವಿನ ಹೆಸರು ದಾಖಲಿಸಲು ಕೇಳಿ. ಕರ್ನಾಟಕದ ಕಡೆ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯ ಸೊಸೈಟಿಯವರನ್ನು ಕೇಳಬಹುದು. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿಯವರು ಸ್ವತಃ ಹಿಮೋಫಿಲಿಯ ಇರುವವರು. ಕಾಗದಪತ್ರದ ಅಲೆದಾಟ ಎಂದರೇನು ಎಂದು ಅಲ್ಲಿ ವಿವರಿಸಿ ಹೇಳಬೇಕಾಗಿಲ್ಲ. ಒಂದೇ ಊರನ್ನು ನೆಚ್ಚಿಕೊಳ್ಳಬೇಡಿ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ಜನ ಸತ್ತದ್ದನ್ನು ನಾವ್ಯಾರೂ ಮರೆತಿಲ್ಲ. ಮಂಗಳೂರಿನಲ್ಲೊಂದು, ಪರಿಯಾರಂ ಅಥವಾ ಕೋಯಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲೊಂದು ಫೈಲ್ ಇರಲಿ. ಮಗುವಿನ ರೋಗದ ಹೆಸರು, ತೂಕ, ರಕ್ತದ ಗುಂಪು, ಏನು ಕೊಡಬೇಕು ಎಂಬುದನ್ನು ಒಂದು ಕಾರ್ಡಿನಲ್ಲಿ ಇಂಗ್ಲಿಷ್, ಮಲಯಾಳ, ಕನ್ನಡ ಮೂರರಲ್ಲೂ ಬರೆಸಿ ಲ್ಯಾಮಿನೇಟ್ ಮಾಡಿಸಿ. ರಾತ್ರಿ ಡ್ಯೂಟಿಯಲ್ಲಿರುವ ಡಾಕ್ಟರ್ ಈ ರೋಗವನ್ನು ಪುಸ್ತಕದಲ್ಲಿ ಬಿಟ್ಟು ಬೇರೆಲ್ಲೂ ನೋಡಿರುವ ಸಂಭವ ಕಡಿಮೆ.

ಚುಚ್ಚುಮದ್ದನ್ನು ನಿಲ್ಲಿಸುವುದು ಬೇಡ. ರಕ್ತದ ಚೀಲಗಳನ್ನು ಪಡೆಯಲಿರುವ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ ಉಳಿದವರಿಗಿಂತ ಹೆಚ್ಚು ಬೇಕು. ಒಂದೂವರೆ ತಿಂಗಳಿಗೆ ಬಾಯಿಗೆ ಹಾಕುವ ಪೋಲಿಯೊ, ರೋಟಾ ಹನಿಗಳಿಗೆ ಯಾವ ಅಡ್ಡಿಯೂ ಇಲ್ಲ; ಚರ್ಮದೊಳಗೆ ಕೊಡುವ ಪೋಲಿಯೊ ಇಂಜೆಕ್ಷನ್ನಿಗೂ ಇಲ್ಲ. ತೊಡೆಯ ಮಾಂಸಕ್ಕೆ ಚುಚ್ಚುವ, ಹೆಪಟೈಟಿಸ್ ಬಿ ಲಸಿಕೆಯೂ ಸೇರಿರುವ ಪೆಂಟಾವಲೆಂಟ್, ನ್ಯುಮೋನಿಯಾ ಲಸಿಕೆಗಳಿಗೆ ಮಾತ್ರ ಎಚ್ಚರ. ಇಲ್ಲಿ ಒಂದು ಅನುಕೂಲವಿದೆ: ಲಸಿಕೆಗಳು ಬರುವುದು 6, 10, 14ನೇ ವಾರಕ್ಕೆ, ಅಂದರೆ ನಾಲ್ಕು ವಾರಕ್ಕೊಮ್ಮೆ. ಫ್ಯಾಕ್ಟರ್ 13 ಏರಿಸುವುದೂ ನಾಲ್ಕು ವಾರಕ್ಕೊಮ್ಮೆ. ಬೆಳಿಗ್ಗೆ ಏರಿಸಿ, ಅದೇ ದಿನ ಲಸಿಕೆ ಕೊಡಿಸಿ. ಎಲ್ಲಕ್ಕಿಂತ ಸಣ್ಣ ಸೂಜಿ, ಆಮೇಲೆ ಹತ್ತು ನಿಮಿಷ ಗಟ್ಟಿಯಾಗಿ ಒತ್ತುವುದು. ನಿಮ್ಮ ಆರೋಗ್ಯ ಕೇಂದ್ರದ ನರ್ಸಿಗೆ, ಆಶಾ ಕಾರ್ಯಕರ್ತೆಗೆ ಮುಂಚೆಯೇ ತಿಳಿಸಿ, ಇಲ್ಲದಿದ್ದರೆ ಲಸಿಕೆ ಯಾಕೆ ಆಗಿಲ್ಲ ಎಂದು ಮನೆಬಾಗಿಲಿಗೆ ಬರುತ್ತಾರೆ, ಬರಬೇಕಾದ್ದೇ. ಆರನೇ ವಾರದೊಳಗೆ ರೋಗದ ಹೆಸರು ತೀರ್ಮಾನವಾಗದಿದ್ದರೆ ತೊಡೆಯ ಎರಡನ್ನು ಕೆಲವು ದಿನ ಮುಂದೂಡಿ, ಹನಿಗಳನ್ನು ಹಾಕಿಸಿಬಿಡಿ. ಒಂಬತ್ತನೇ ತಿಂಗಳಿನ ದಡಾರ ಲಸಿಕೆಯ ಹೊತ್ತಿಗೆ ಮಾತ್ರ ನೆನಪಿಟ್ಟು ಕೇಳಿ: ಪ್ಲಾಸ್ಮಾದಲ್ಲಿರುವ ಬೇರೆಯವರ ಪ್ರತಿಕಾಯಗಳು ಆ ಲಸಿಕೆಯ ಬಲವನ್ನು ಕುಗ್ಗಿಸಬಹುದು.

ಮೀಯಿಸಬಹುದು. ಬಿಸಿನೀರಿಗೂ ರಕ್ತಸ್ರಾವಕ್ಕೂ ಸಂಬಂಧವಿಲ್ಲ. ನಿಮ್ಮ ಕಾಲುಗಳ ಮೇಲೆ ಮಲಗಿಸಿ ಎಣ್ಣೆ ಸವರುವುದಕ್ಕೂ ಅಡ್ಡಿಯಿಲ್ಲ. ಬೇಡವಾದದ್ದು ಆಮೇಲಿನದು: ಕೈಕಾಲು ಅಡ್ಡಡ್ಡ ಎಳೆದು ಮಡಚುವುದು, ತಲೆ ದುಂಡಗಾಗಲಿ ಎಂದು ಒತ್ತುವುದು, ಮೂಗು ತಿದ್ದುವುದು, ಕಾಲು ಹಿಡಿದು ತಲೆಕೆಳಗೆ ಮಾಡುವುದು. ಮೀಯಿಸಲು ಹೊರಗಿನಿಂದ ಹೆಂಗಸರು ಬರುವುದಾದರೆ ಅವರಿಗೆ ಖಂಡಿತವಾಗಿ ಹೇಳಿ, ಅಥವಾ ನೀವೇ ಮೀಯಿಸಿ. ಹೊಕ್ಕುಳಿಗೆ ಅರಸಿನ, ಬೂದಿ, ಕಾಫಿಪುಡಿ, ಎಣ್ಣೆ ಯಾವುದೂ ಬೇಡ. ಶುದ್ಧ ಗಾಜ್ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ, ನಡುವೆ ನಡುವೆ ತೆಗೆದು ನೋಡಬೇಡಿ. ಒಣಗಿ ಅಂಟಿದ ರಕ್ತವನ್ನು ಕೀಳಬೇಡಿ. ಕಿವಿ ಚುಚ್ಚಿಸುವುದಿದ್ದರೆ ಫ್ಯಾಕ್ಟರ್ ಏರಿಸಿದ ಮರುದಿನ, ಡಾಕ್ಟರರಿಗೆ ತಿಳಿಸಿ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ಕೂಡದು. ಮಗು ಮಗುಚಲು, ಅಂಬೆಗಾಲಿಕ್ಕಲು ಶುರುಮಾಡಿದ ಮೇಲೆ ತಲೆಗೆ ಪೆಟ್ಟು ಬಿದ್ದರೆ, ಅತ್ತು ಸುಮ್ಮನಾಗಿ ಆಟಕ್ಕೆ ಇಳಿದರೂ ಆಸ್ಪತ್ರೆಗೆ ಹೋಗಲೇಬೇಕು. ಮೊದಲ ದಿನ ಏನೂ ಕಾಣದೆ ಮರುದಿನ ರಕ್ತಸ್ರಾವ ಶುರುವಾಗುವುದು ಈ ರೋಗದ ಜಾಯಮಾನ.

ಊರವರ ಮೂರು ಮಾತಿಗೆ ಬರುತ್ತೇನೆ. ನಾಗನಿಗೆ ತಂಬಿಲ ಕೊಡುವುದಕ್ಕೆ ನನ್ನ ತಕರಾರಿಲ್ಲ, ಸ್ಯಾಂಪಲ್ ಕೊಟ್ಟು ಬಂದು ಕೊಡಿ. ಎಂಡೋಸಲ್ಫಾನಿನ ವಿಷಯ: ನಿಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಗೇರುತೋಟಗಳ ಮೇಲೆ ಈ ಕೀಟನಾಶಕವನ್ನು ಹೆಲಿಕಾಪ್ಟರಿನಲ್ಲಿ ಸಿಂಪಡಿಸುವುದು ನಿಂತದ್ದು 2000ದ ಹೊತ್ತಿಗೆ, ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ನಿಷೇಧಿಸಿದ್ದು 2011ರಲ್ಲಿ. ಅಲ್ಲಿನ ಜನ ಪಟ್ಟ ಪಾಡು ನೋಡಿದವರು ಯಾವ ಮಗುವಿಗೆ ಏನೇ ಆದರೂ ಅದನ್ನೇ ನೆನೆಯುವುದು ಸಹಜ. ಆದರೆ ಈ ಕೊರತೆಗೆ ಆ ವಿಷ ಬೇಕಾಗಿಲ್ಲ. ಇದು ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡೂ ಕಡೆಯಿಂದ ಕೆಟ್ಟ ಪ್ರತಿ ಬಂದಾಗ ಕಾಣಿಸುವ ರೋಗ. ಸ್ಪ್ರೇ ಕಾಣದ ದೇಶಗಳಲ್ಲೂ ಇದೆ, 1960ರಲ್ಲಿ ಮೊದಲು ವರದಿಯಾದದ್ದು ಸ್ವಿಟ್ಜರ್ಲೆಂಡಿನಿಂದ.

ತಮ್ಮನ ಮಗನಿಗೆ ಕೊಟ್ಟದ್ದರಿಂದಲೇ ಎಂಬ ಮಾತು ನಿಮಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿರಬೇಕು. ಮದುವೆ ಯಾವ ಜೀನನ್ನೂ ಕೆಡಿಸುವುದಿಲ್ಲ. ನಿಮ್ಮ ತಂದೆಯಲ್ಲೋ ತಾಯಿಯಲ್ಲೋ ಒಂದು ಕೆಟ್ಟ ಪ್ರತಿ ಮೊದಲೇ ಇದ್ದಿರಬೇಕು. ಅದು ನಿಮ್ಮ ಮೂಲಕ ಮಗಳಿಗೂ, ತಮ್ಮನ ಮೂಲಕ ಅಳಿಯನಿಗೂ ಬಂದು, ಮಗುವಿನಲ್ಲಿ ಎರಡೂ ಕೂಡಿಕೊಂಡವು. ಸೋದರತ್ತೆ, ಸೋದರಮಾವನ ಮಕ್ಕಳಲ್ಲಿ ಎಂಟನೇ ಒಂದು ಪಾಲು ಜೀನ್ ಒಂದೇ ಇರುತ್ತದೆ, ಹಾಗಾಗಿ ಕೂಡಿಕೊಳ್ಳುವ ಸಂಭವ ಹೆಚ್ಚು. ಹೀಗೆ ಮದುವೆಯಾದವರಲ್ಲಿ ಬಹುಪಾಲಿನವರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತವೆ. ಮನೆಯಲ್ಲಿ ಇನ್ನೂ ಮದುವೆಯಾಗದ ಮಕ್ಕಳಿದ್ದರೆ, ಮತ್ತೆ ಸಂಬಂಧದೊಳಗೇ ನೋಡುವುದಾದರೆ, ಮೊದಲು ಜೀನ್ ಪರೀಕ್ಷೆ ಮಾಡಿಸಿ ಎಂದಷ್ಟೇ ಹೇಳುತ್ತೇನೆ.

ಮುಂದಿನ ಮಗುವಿನ ವಿಷಯ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಹೆಣ್ಣು ಗಂಡು ಎಂಬ ಭೇದವಿಲ್ಲ, ಎರಡು ಮಕ್ಕಳಿಗೆ ಬಂತು, ಇನ್ನು ಬರಲಿಕ್ಕಿಲ್ಲ ಎಂಬ ಲೆಕ್ಕವೂ ನಡೆಯುವುದಿಲ್ಲ. ಈ ಮಗುವಿನ ಜೀನಿನಲ್ಲಿ ದೋಷ ಎಲ್ಲಿದೆ ಎಂದು ಈಗಲೇ ಗುರುತಿಸಿಟ್ಟರೆ, ಮುಂದಿನ ಬಸಿರಿನ 11ರಿಂದ 13ನೇ ವಾರದಲ್ಲಿ ಮಾಸಿನ ಸಣ್ಣ ತುಣುಕಿನಿಂದ ನೋಡಿ ಹೇಳಬಹುದು. ಬಸಿರಾದ ಮೇಲೆ ಹುಡುಕಾಟ ಶುರುಮಾಡಿದರೆ ಸಮಯ ಸಾಲದು. ತಿಳಿದುಕೊಂಡು ಏನು ಮಾಡಬೇಕೆಂಬುದು ಮಗಳು ಅಳಿಯ ಕೂಡಿ ತೀರ್ಮಾನಿಸಬೇಕಾದ್ದು. ಬಹಳ ಮನೆಗಳವರು ಕೇಳುವುದು ಹೆರಿಗೆಗೆ ಸಿದ್ಧರಾಗಿರಲಿಕ್ಕೆ ಮಾತ್ರ. ಪರೀಕ್ಷೆ ಬೇಡವೆಂದರೂ ಹೆರಿಗೆ ದೊಡ್ಡ ಆಸ್ಪತ್ರೆಯಲ್ಲೇ ಆಗಲಿ, ಮಗುವಿನ ತಲೆಗೆ ವ್ಯಾಕ್ಯೂಮ್, ಫೋರ್ಸೆಪ್ಸ್ ಹಾಕುವುದು ಬೇಡ ಎಂದು ಹೆರಿಗೆ ಡಾಕ್ಟರರ ಹತ್ತಿರ ಮೊದಲೇ ಮಾತಾಡಿ. ಬಳ್ಳಿ ಕತ್ತರಿಸಿದ ಕೂಡಲೇ ಮಾಸಿನ ಕಡೆಯ ತುಂಡಿನಿಂದ ನೀಲಿ ಮುಚ್ಚಳದ ಕೊಳವೆಗೆ ರಕ್ತ ತುಂಬಿಸಿಕೊಳ್ಳಲು ಹೇಳಿ. ಫ್ಯಾಕ್ಟರ್ 13ರ ಪರೀಕ್ಷೆಗೆ ಅದು ಸಾಕು, ಮಗುವಿಗೆ ಸೂಜಿ ಚುಚ್ಚಬೇಕಾಗಿಲ್ಲ.